ಎಡಗಿವಿ ಮುಟ್ಟಿದ ಹುಡುಗ

ತಿಕೋಟಾದಲ್ಲಿ ಜೂನ್ ಒಂದನೆಯ ತಾರೀಖಿಗೆ ಹುಟ್ಟಿದವರು ರಾಶಿ ಮಂದಿ ಸಿಗುತ್ತಾರೆ. ಅವರನ್ನು ಹೆತ್ತವರು ಅವರವರ ತಾಯಂದಿರೇ. ತಾರೀಖು ಕೊಟ್ಟವನು ಮಾತ್ರ ನಾನು. ಅಲ್ಲಿಯ ಗಂಡುಮಕ್ಕಳ ಶಾಲೆಯಲ್ಲಿ ಮಾಸ್ತರನಾಗಿದ್ದಾಗ ಹೊಸ ಹುಡುಗರ ಹೆಸರು ಹಚ್ಚಿಕೊಳ್ಳುವ ಕೆಲಸ ನನ್ನ ಪಾಲಿಗಿತ್ತು. ಮಗ ಎಂದು ಹುಟ್ಟಿದ ಅಂತ ತಾಯಿಯನ್ನು ಕೇಳಿದರೆ "ಜ್ವಾಳ ತೆನಿ ಬಿಟ್ಟಿದ್ದುವ್ರಿ" ಅನ್ನುವಳು, ತಂದೆಯನ್ನು ಕೇಳಿದರೆ "ನಮ್ಮ ಬಿಳಿ ಎತ್ತ ಸತ್ತ ವರ್ಷರಿ" ಅನ್ನುವನು. ಸರಕಾರದ ರಜಿಸ್ಟರಿನಲ್ಲಿ ಎತ್ತು ಸತ್ತದ್ದಕ್ಕೆ ಕಾಲಂ ಇಲ್ಲ. ಅದಕ್ಕೆ ನಾವು ಮಾಸ್ತರರು ಒಂದು ಪದ್ಧತಿ ಇಟ್ಟುಕೊಂಡಿದ್ದೆವು. ಹುಡುಗ ಬಲಗೈಯನ್ನು ನೆತ್ತಿಯ ಮೇಲಿಂದ ಹಾಕಿ ಎಡಗಿವಿಯನ್ನು ಮುಟ್ಟಬೇಕು. ಮುಟ್ಟಿದರೆ ಆರು ವರ್ಷ ತುಂಬಿದ ಹಾಗೆ, ಇಲ್ಲದಿದ್ದರೆ ಬರುವ ವರ್ಷ ಬಾ. ಮುಟ್ಟಿದವರಿಗೆಲ್ಲ ಆರು ವರ್ಷ ಹಿಂದಕ್ಕೆ ಎಣಿಸಿ ಜೂನ್ ಒಂದು ಅಂತ ಬರೆದುಬಿಡುತ್ತಿದ್ದೆ.

ಈಗ ನಾನು ಪೆನ್ಶನ್ ಮೇಲೆ ಬಂದು ಬಹಳ ವರ್ಷವಾಯಿತು. ವಿಜಾಪುರದ ಸೊಲ್ಲಾಪುರ ರಸ್ತೆಯ ಬದಿಗೆ ಮಗಳ ಮನೆಯಲ್ಲಿದ್ದೇನೆ. ಹಳೆಯ ವಿದ್ಯಾರ್ಥಿಗಳು, ಅವರೂ ತಲೆ ನರೆತವರೇ, ನೌಕರಿಯಿಂದ ಇಳಿದ ದಿನ ಪೇಢೆ ಹಿಡಿದು ಬರುತ್ತಾರೆ. "ಮಾಸ್ತರ್ರ, ನೀವು ಎರಡ ವರ್ಷ ಹೆಚ್ಚಿಗಿ ಬರೀದಿದ್ರ ಇನ್ನೂ ಖುರ್ಚಿ ಮ್ಯಾಲ ಇರ್ತಿದ್ದೆ ನೋಡ್ರಿ" ಅಂತ ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಪೇಢೆ ತಟ್ಟೆಯಲ್ಲೇ ಉಳಿಯುತ್ತದೆ. ನಾನು ಹೆಚ್ಚಿಗೆ ಬರೆದ ಎರಡು ವರ್ಷಗಳು ಒಬ್ಬ ಹುಡುಗನನ್ನು ಕೊಂದವು. ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಒಮ್ಮೆ ರಜಿಸ್ಟರಿನಲ್ಲಿ ಬರೆದದ್ದೇ ಸಾಕಾಗಿದೆ.

ಅವನನ್ನು ಶಾಲೆಗೆ ಕರೆತಂದವಳು ಅವನ ತಾಯಿ. ಗಂಡ ತೀರಿಕೊಂಡಿದ್ದ, ದೊಡ್ಡ ಮಗಳನ್ನು ಬಬಲೇಶ್ವರಕ್ಕೆ ಕೊಟ್ಟಿತ್ತು, ಉಳಿದವನು ಇವನೊಬ್ಬ. ಮಂದಿಯ ಹೊಲಕ್ಕೆ ಹತ್ತಿ ಬಿಡಿಸಲು ಹೋಗುವಾಗ ಮಗನನ್ನು ಎಲ್ಲಿ ಬಿಡುವುದು ಅನ್ನುವುದು ಅವಳ ಚಿಂತೆ. "ನಾಕ ವರ್ಷದ ಕೂಸರಿ, ಆದ್ರೂ ಒಂದ ಮೂಲ್ಯಾಗ ಕುಂಡರಿಸ್ಕೋರಿ" ಅಂದಳು. ನಾನು ಪದ್ಧತಿಯಂತೆ ಅವನನ್ನು ಎದುರಿಗೆ ನಿಲ್ಲಿಸಿದೆ. ಹುಡುಗನ ಕೈ ಅಂದರೆ ಕೈ ಅಲ್ಲ, ಗಳ. ಸರ್ರನೆ ನೆತ್ತಿ ದಾಟಿಸಿ ಎಡಗಿವಿಯನ್ನು ಹಿಡಿದು, ಇನ್ನೇನು ಮಾಡಲಿ ಅನ್ನುವಂತೆ ನನ್ನ ಮೋರೆ ನೋಡಿದ. ತಾಯಿ ನಾಕು ಅನ್ನುತ್ತಿದ್ದಾಳೆ, ಕೈ ಆರು ಅನ್ನುತ್ತಿದೆ. ನಾನು ಕೈಯನ್ನು ನಂಬಿದೆ. "ಕೈ ಸುಳ್ಳ ಹೇಳೂದಿಲ್ಲವಾ" ಅಂದದ್ದಕ್ಕೆ ಆಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವತ್ತು ಅವಳಿಗೂ ಅದು ಅನುಕೂಲವೇ ಆಗಿತ್ತು, ಹುಡುಗನಿಗೆ ನೆರಳು ಸಿಕ್ಕಿತು ಅಂತ.

ಓದಿನಲ್ಲಿ ಹುಡುಗ ಜಾಣನೂ ಅಲ್ಲ, ದಡ್ಡನೂ ಅಲ್ಲ. ಲೆಕ್ಕದಲ್ಲಿ ದಶಕ ಮರೆಯುವನು, ಶುದ್ಧಬರಹದಲ್ಲಿ ಒತ್ತಕ್ಷರ ಮರೆಯುವನು, ಬೈದರೆ ಬೈಸಿಕೊಂಡದ್ದನ್ನೂ ಮರೆಯುವನು. "ಅದಕ್ಕೇನಾತ್ರಿ, ನಾಳಿ ಬರೋಬ್ಬರಿ ಮಾಡ್ತೀನಿ" ಅನ್ನುವುದು ಅವನ ಮಾತು. ನಾಚಿಕೆಯಾದಾಗ ಬಲಗೈ ನೆತ್ತಿಯ ಮೇಲಿಂದ ಹೋಗಿ ಎಡಗಿವಿಯನ್ನು ಕೆರೆಯುತ್ತಿತ್ತು. ಶಾಲೆಗೆ ಸೇರಿದ ದಿನದ ಆ ಚಾಳಿ ಅವನನ್ನು ಬಿಡಲೇ ಇಲ್ಲ. ಸ್ಟೂಲಿಲ್ಲದೆ ಇಡೀ ಕರಿಹಲಗೆ ಒರೆಸುವವನು ಅವನೊಬ್ಬನೇ. ಜಂತಿಯ ಜೇಡ ತೆಗೆಯಲಿಕ್ಕೂ ಅವನೇ, ಮೋರಿಯಲ್ಲಿ ಬಿದ್ದ ಮಂದಿಯ ಚೆಂಡು ತೆಗೆಯಲಿಕ್ಕೂ ಅವನೇ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಎರಡು ರೊಟ್ಟಿಯಲ್ಲಿ ಒಂದು ಯಾವಾಗಲೂ ಬೇರೆಯವರ ಕೈಯಲ್ಲಿರುತ್ತಿತ್ತು.

ಏಳನೆಯ ಇಯತ್ತೆಯಲ್ಲಿದ್ದಾಗಿನ ಮಾತು. ಬಬಲೇಶ್ವರದಲ್ಲಿ ಸುತ್ತಿನ ಶಾಲೆಗಳ ತನಿಖೆ ನಡೆದಿತ್ತು. ನಮ್ಮ ರಜಿಸ್ಟರುಗಳನ್ನು ಚೀಲದಲ್ಲಿ ಹೊತ್ತು ಹೋಗಿದ್ದೆ. ಡೆಪುಟಿ ಸಾಹೇಬರು ಅವನ್ನು ತಿರುವಿ, ಒಂದೂ ಕಾಟು, ತಿದ್ದುಪಡಿ ಇಲ್ಲದ ರಜಿಸ್ಟರು ಅಂತ ಷರಾ ಬರೆದಿದ್ದರು. ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅಕ್ಕನ ಮನೆಗೆ ಬಂದಿದ್ದ ಹುಡುಗ ಹೊರಳಿ ಬರುವಾಗ ನನ್ನ ಜೊತೆಯಾದ. ನಡುವೆ ಮಳೆ ಹೊಡೆದು ಹಳ್ಳ ತುಂಬಿಕೊಂಡಿತು. ನಾನು ದಂಡೆಯಲ್ಲಿ ಧೋತರ ಎತ್ತಿ ಹಿಡಿದು ನಿಂತೆ. ಅವನು ಒಂದು ಮಾತೂ ಕೇಳದೆ ಬೆನ್ನು ಕೊಟ್ಟು ಕೂತ. ಮಾಸ್ತರನು ಹುಡುಗನ ಹೆಗಲ ಮೇಲೆ, ಮಾಸ್ತರನ ತಲೆಯ ಮೇಲೆ ರಜಿಸ್ಟರಿನ ಚೀಲ. ನಡುನೀರಿನಲ್ಲಿ ಏದುಸಿರು ಬಿಡುತ್ತ ಅವನು, "ಮಾಸ್ತರ್ರ, ನೀವು ಹಗೂರ ಅದೀರಿ, ನಿಮ್ಮ ರಜಿಸ್ಟರ ಭಾಳ ವಜ್ಜಿ ಐತ್ರಿ" ಅಂದ. ದಂಡೆ ಮುಟ್ಟಿದ ಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಎರಡನೆಯ ದೊಡ್ಡ ಯುದ್ಧ ಶುರುವಾಗಿ ಮೂರು ವರ್ಷವಾಗಿತ್ತು. ಅವನು ಶಾಲೆ ಬಿಟ್ಟು ಹತ್ತಿಯ ಗಾಡಿಗಳ ಜೊತೆ ವಿಜಾಪುರಕ್ಕೆ ಹೋಗಿ ಬರುತ್ತಿದ್ದ. ಅಲ್ಲಿ ಫೌಜಿಗೆ ಭರ್ತಿ ಮಾಡಿಕೊಳ್ಳುವವರು ಬಂದು ಎದೆ, ಎತ್ತರ ಅಳೆಯುತ್ತಿದ್ದರು. ಇವನ ಎತ್ತರ ಅಳೆದ ಹವಾಲ್ದಾರ ಭೇಷ್ ಅಂದನಂತೆ. ವಯಸ್ಸಿನ ದಾಖಲೆ ಮಾತ್ರ ತರಬೇಕು, ಹದಿನೆಂಟು ತುಂಬಿರಬೇಕು. ಹುಡುಗ ಗಾಡಿಯನ್ನು ಅಲ್ಲೇ ಬಿಟ್ಟು ನಡೆದುಕೊಂಡು ಶಾಲೆಗೆ ಬಂದ. ನಾನು ರಜಿಸ್ಟರು ತೆಗೆದೆ. ಜೂನ್ ಒಂದು. ಎಣಿಸಿದರೆ ಹದಿನೆಂಟು ತುಂಬಿ ಮೇಲೆ ನಾಲ್ಕು ತಿಂಗಳು. ನನ್ನ ಶಾಲೆಯಿಂದ ಮೊದಲನೆಯ ಸಿಪಾಯಿ! ದುಂಡಗೆ ಅಕ್ಷರ ಬರೆದು, ಮುದ್ರೆ ಒತ್ತಿ, ಬೆನ್ನು ತಟ್ಟಿ ಕಳಿಸಿದೆ. ನಾಲ್ಕು ವರ್ಷದ ಕೂಸು ಅಂತ ತಾಯಿ ಹೇಳಿದ್ದು ಆ ಹೊತ್ತಿನಲ್ಲಿ ನನಗೆ ನೆನಪಾಗಲಿಲ್ಲ ಅಂತ ಬರೆಯಲೇ? ನೆನಪಾಗಿತ್ತು. ಬೇಡದ ನೆಂಟನ ಹಾಗೆ ಬಂದದ್ದನ್ನು ಬಾಗಿಲಲ್ಲೇ ಕಳಿಸಿದೆ.

ಮರುದಿನ ಸಂಜೆ ಆಕೆ ಬಂದಳು. ಹೊಲದಿಂದ ನೇರ ಬಂದಿದ್ದಳು. ಸೀರೆಗೆ ಹತ್ತಿಯ ಎಳೆ ಹತ್ತಿದ್ದವು.

"ಮಾಸ್ತರ್ರ, ಅವಗ ಹದಿನಾರರಿ. ಹದಿನೆಂಟಲ್ಲ."

"ರಜಿಸ್ಟರದಾಗ ಹದಿನೆಂಟೈತಿ, ಯವ್ವಾ."

"ರಜಿಸ್ಟರ ಅವನ್ನ ಹಡದಿಲ್ರಿ, ನಾ ಹಡದೀನಿ." ಸಿಟ್ಟಿನಿಂದ ಅಂದ ಮಾತಲ್ಲ ಅದು, ಇದ್ದದ್ದನ್ನು ಹೇಳಿದಳು. "ನಿಮಗ ಖಾತ್ರಿ ಬೇಕಂದ್ರ ಬಬಲೇಶ್ವರ ದಾರಿ ಮ್ಯಾಲಿನ ಭಾವಿಗಿ ಹೋಗ್ರಿ. ಆ ಭಾವಿ ತೋಡುಮುಂದ ತುಂಬಿದ ಬಸರಿ ನಾ, ಬುಟ್ಟಿ ಮಣ್ಣ ಹೊತ್ತೀನಿ. ನೀರ ಬಿದ್ದ ಎಂಟನೇ ದಿವಸಕ್ಕ ಅವ ಹುಟ್ಟಿದ. ಭಾವಿ ಗೋಡ್ಯಾಗ ಕಲ್ಲ ಕೂಡಿಸಿ ಇಸವಿ ಕೆತ್ಯಾರಂತ. ನನಗ ಓದಾಕ ಬರೂದಿಲ್ಲ. ನೀವ ಓದ್ರಿ. ಓದಿ, ರಜಿಸ್ಟರ ತಪ್ಪೈತಿ ಅಂತ ಒಂದ ಚೀಟಿ ಬರದ ಕೊಡ್ರಿ."

"ನಾಳಿ ನೋಡೂಣ" ಅಂದೆ.

"ನಾ ಬ್ಯಾಡ ಅನ್ನಾಕತ್ತಿಲ್ರಿ. ಎರಡ ವರ್ಷ ತಡೀಲಿ. ಹದಿನೆಂಟ ತುಂಬಿದ ದಿವಸ ನಾನ ಕೈ ಹಿಡದ ಕರಕೊಂಡ ಹೋಗಿ ಬಿಟ್ಟ ಬರ್ತೀನಿ."

ಆ ಭಾವಿ ಶಾಲೆಯಿಂದ ಒಂದು ಚುಟ್ಟಾ ಸೇದಿ ಮುಗಿಸುವಷ್ಟು ದಾರಿ. ನಾಳೆಯೂ ಹೋಗಲಿಲ್ಲ, ನಾಡಿದ್ದೂ ಹೋಗಲಿಲ್ಲ. ಹೋದರೆ ಏನು ಕಾಣುತ್ತದೆ ಅನ್ನುವುದು ನನಗೆ ಒಳಗೊಳಗೇ ಗೊತ್ತಿತ್ತು. ಒಬ್ಬನ ತಾರೀಖು ತಪ್ಪು ಅಂತ ಬರೆದುಕೊಟ್ಟರೆ ಉಳಿದ ಜೂನ್ ಒಂದುಗಳ ಗತಿಯೇನು, ಡೆಪುಟಿ ಸಾಹೇಬರು ಬರೆದ ಷರಾದ ಗತಿಯೇನು? ಅಷ್ಟರಲ್ಲಿ ಹುಡುಗ ಫೌಜಿನ ತಾಲೀಮಿಗೆ ಬೆಳಗಾವಿಗೆ ಹೋಗಿಬಿಟ್ಟ. ಅವನು ಹೋದ ತಿಂಗಳ ಮೇಲೆ ಒಂದು ರವಿವಾರ ನಾನು ಭಾವಿಯ ಪಾವಟಿಗೆ ಇಳಿದೆ. ಎದುರಿನ ಗೋಡೆಯಲ್ಲಿ, ನೀರಿನಿಂದ ಎರಡಾಳೆತ್ತರಕ್ಕೆ ಆ ಕಲ್ಲು ಇತ್ತು. ಪಾವಟಿಗೆಯ ಮೇಲೆ ನಿಂತವನಿಗೆ ಇಸವಿ ನಿಚ್ಚಳ ಕಂಡಿತು. ಆಕೆ ಹೇಳಿದ್ದು ಅಕ್ಷರಕ್ಕೆ ಅಕ್ಷರ ಖರೆ. ಹುಡುಗನಿಗೆ ಹದಿನಾರು.

ಬೆಳಗಾವಿಗೆ ಕಾಗದ ಬರೆಯಬೇಕು ಅಂತ ಎರಡು ಸಲ ದೌತಿಯ ಮುಂದೆ ಕೂತೆ, ಎರಡು ಸಲವೂ ಎದ್ದೆ. ಹೀಗೇ ವರ್ಷ ಉರುಳಿತು. ಒಂದು ದಿನ ಶಾಲೆಯ ಬಾಗಿಲಲ್ಲಿ ಬೂಟಿನ ಸಪ್ಪಳವಾಯಿತು. ಖಾಕಿ ತೊಟ್ಟು, ಕೂದಲು ಕತ್ತರಿಸಿಕೊಂಡು, ಇನ್ನೂ ನಾಲ್ಕು ಬೆರಳು ಎತ್ತರ ಬೆಳೆದು ನಿಂತಿದ್ದ. ಹತ್ತು ದಿನದ ರಜೆ. ರಜೆ ಮುಗಿದರೆ ಹಡಗು. ಹುಡುಗರೆಲ್ಲ ಅವನ ಸುತ್ತ ನೆರೆದರು. ಅವರಿಗೆ ಸೆಲ್ಯೂಟು ಹೊಡೆಯಲು ಕಲಿಸಿದ, ನನಗೂ ಒಂದು ಹೊಡೆದ. ಹುಡುಗರನ್ನು ಮನೆಗೆ ಬಿಟ್ಟ ಮೇಲೆ ನಾನು ಕಲ್ಲು ಓದಿದ್ದನ್ನು ಹೇಳಿದೆ. "ಒಂದ ಕಾಗದ ಬರದ್ರ ನಿನ್ನ ಬಿಡತಾರ. ಬರೀಲೇನು?" ಅಂದೆ.

ಅವನ ಕೈ ನೆತ್ತಿ ದಾಟಿ ಕಿವಿಗೆ ಹೋಯಿತು. ಆಮೇಲೆ ಆ ಎತ್ತರದ ಮೈ ಬಗ್ಗಿ ನನ್ನ ಕಾಲು ಹಿಡಿಯಿತು. "ಬ್ಯಾಡ್ರಿ ಮಾಸ್ತರ್ರ. ಇಲ್ಲೆ ನಾ ಹತ್ತಿ ಗಾಡಿ ಹಿಂದ ನಡಿಯಾಂವ. ಅಲ್ಲೆ ನಮ್ಮ ಸುಬೇದಾರ ನನ್ನ ಹೆಸರ ಹಿಡದ ಕರೀತಾರ್ರಿ. ಈಗ ಹೊರಗ ಹಾಕಿದ್ರ ಯಾ ಮಾರಿ ತೊಗೊಂಡ ಊರಾಗ ತಿರಗ್ಲಿ? ಅವ್ವಗ ಹೇಳಬ್ಯಾಡ್ರಿ."

ಹುಡುಗನ ಮಾತಿಗೆ ಸೋತೆ ಅಂತ ಹೇಳಿದರೆ ಅರ್ಧ ಸುಳ್ಳಾದೀತು. ಅವನು ಬೇಡ ಅಂದದ್ದು ನನಗೂ ಬೇಕಾಗಿತ್ತು.

ಮರುದಿನ ತಾಯಿ ಊಟಕ್ಕೆ ಕರೆದಿದ್ದಳು. ಹೋಳಿಗೆ ಮಾಡಿದ್ದಳು. ಬಡಿಸುತ್ತ ಬಡಿಸುತ್ತ, "ಆ ಕಲ್ಲ ನೋಡಿದ್ರ್ಯಾ ಮಾಸ್ತರ್ರ?" ಅಂದಳು. ಅವನು ಅವಳ ಹಿಂದೆ ಬಾಗಿಲಿಗೆ ಒರಗಿ ನಿಂತಿದ್ದ. ನಾನು ಅವನನ್ನು ನೋಡಿದೆ, ತಾಟನ್ನು ನೋಡಿದೆ. "ನೋಡಿದೆ, ಯವ್ವಾ. ಅಕ್ಷರ ಅಳಿಸ್ಯಾವ. ಏನೂ ತಿಳಿಯೂದಿಲ್ಲ" ಅಂದೆ.

"ಹೌದ್ರ್ಯಾ?" ಅಂದಳು. ಇನ್ನೊಂದು ಹೋಳಿಗೆ ಬಡಿಸಿದಳು. ಓದು ಬಾರದವಳಿಗೆ ಕಲ್ಲಿನ ಮೇಲೆ ಅಳಿಸಿದ್ದು ಯಾವುದು, ಉಳಿದದ್ದು ಯಾವುದು? ಮಾಸ್ತರ ಹೇಳಿದ ಮೇಲೆ ಇನ್ನೊಬ್ಬರನ್ನು ಕರೆದು ಕೇಳುವ ಜಾತಿಯ ಹೆಂಗಸೂ ಅಲ್ಲ. ನಾನು ಆ ಹೋಳಿಗೆಯನ್ನು ತಿಂದೆ. ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯ ಹುಟ್ಟುವುದು ಸುಳ್ಳು ಹೇಳಿದ್ದಕ್ಕಿಂತ ಆ ಹೋಳಿಗೆ ತಿಂದದ್ದಕ್ಕೆ.

ಹಡಗು ಹತ್ತಿದ ಮೇಲೆ ಕಾಗದಗಳು ಬರತೊಡಗಿದವು. ಓದಿ ಹೇಳುವವನು ನಾನೇ, ಉತ್ತರ ಬರೆಯುವವನೂ ನಾನೇ. ಮೊದಲನೆಯ ಕಾಗದ ಬಂದ ದಿನ ಆಕೆಯ ಓಣಿಯಿಂದ ಅಳು ಕೇಳಿ ಓಡಿದೆ. ಕಾಗದ ಹೊರಗೆ ಕಟ್ಟೆಯ ಮೇಲೆ ಬಿದ್ದಿತ್ತು, ಅದರ ಬಲಗಡೆಯ ಮೂಲೆ ಇರಲಿಲ್ಲ. ನಮ್ಮ ಕಡೆ ಸಾವಿನ ಸುದ್ದಿಯ ಕಾಗದಕ್ಕೆ ಮೂಲೆ ಹರಿದು ಕಳಿಸುವ ರೂಢಿ. ಅಂಥದನ್ನು ಹೊಸ್ತಿಲ ಒಳಗೆ ತರುವುದಿಲ್ಲ. ಓಣಿಯ ಹೆಂಗಸರೆಲ್ಲ ಎದೆ ಬಡಿದುಕೊಳ್ಳುತ್ತಿದ್ದರು. ಬಿಡಿಸಿ ನೋಡಿದರೆ ಒಳಗೆ ಅವನದೇ ಸೊಟ್ಟ ಅಕ್ಷರ: ಅವ್ವಾ, ನಾನು ಆರಾಮ ಇದ್ದೇನೆ, ಇಲ್ಲಿಯ ರೊಟ್ಟಿ ಹಲ್ಲಿಗೆ ಕೆಲಸ ಕೊಡುವುದಿಲ್ಲ, ಶೇಂಗಾ ಚಟ್ನಿಯ ನೆನಪಾಗುತ್ತದೆ. ಕಾಗದದ ಬಲಮೂಲೆಗೆ ಮುಕ್ಕಾಂ, ಅಂದರೆ ಇರುವ ಊರಿನ ಹೆಸರು, ಬರೆಯದಿದ್ದರೆ ನಾನು ಕೈಮೇಲೆ ಛಡಿ ಕೊಡುತ್ತಿದ್ದೆ. ಹುಡುಗ ಯುದ್ಧಭೂಮಿಯಿಂದಲೂ ತಪ್ಪದೆ ಮುಕ್ಕಾಂ ಬರೆದಿದ್ದ. ಫೌಜಿನ ಠಿಕಾಣಿ ಯಾರಿಗೂ ತಿಳಿಯಬಾರದು ಅಂತ ಕಾಗದ ತಪಾಸು ಮಾಡುವವರು ಅಷ್ಟನ್ನು ಕತ್ತರಿಸಿ ತೆಗೆದಿದ್ದರು. ನಾನು ಚಟ್ನಿಯ ಮಾತು ಓದಿದಾಗ ಅಳುತ್ತಿದ್ದ ಹೆಂಗಸರು ನಗಲಿಕ್ಕೆ ಹತ್ತಿದರು. ತಾಯಿ ಮಾತ್ರ ನಗಲಿಲ್ಲ. "ಮತ್ತೊಮ್ಮಿ ಓದ್ರಿ" ಅಂದಳು.

ಮುಕ್ಕಾಂ ಬರೆಯಬೇಡ ಅಂತ ತಿಳಿಸಿದೆ. "ಕಲಿಸಿದವರೂ ನೀವೇ, ಬ್ಯಾಡ ಅನ್ನುವವರೂ ನೀವೇ, ಅದಕ್ಕೇನಾಯಿತು" ಅಂತ ಉತ್ತರ ಬಂತು. ಒಂದು ಕಾಗದದಲ್ಲಿ ಬರೆದಿದ್ದ: ಇಲ್ಲಿಯ ಕೆಸರು ನಮ್ಮ ಎರಿ ಹೊಲದ ಹಾಗೆ ಬೂಟನ್ನು ಬಿಡುವುದಿಲ್ಲ. ಒಬ್ಬ ಮುದುಕಿ ತಲೆಯ ಮೇಲೆ ಬುಟ್ಟಿ ಹೊತ್ತು ಹೋಗುತ್ತಿದ್ದಳು, ಅವ್ವನ ನಡಿಗೆಯೇ. ಬುಟ್ಟಿ ಇಸಿದುಕೊಂಡು ಮನೆಯ ತನಕ ಮುಟ್ಟಿಸಿದೆ, ಅವಳು ನನ್ನ ಗಲ್ಲ ಹಿಡಿದು ಏನೋ ಅಂದಳು, ಭಾಷೆ ತಿಳಿಯಲಿಲ್ಲ, ಬೈದಿರಲಿಕ್ಕಿಲ್ಲ. ಅದೇ ಕಡೆಯ ಕಾಗದ.

ಮಳೆಗಾಲ ಹಿಡಿದ ಮೇಲೆ ಸರಕಾರದ ಲಕೋಟೆ ಬಂತು. ನಾಲ್ಕೂ ಮೂಲೆ ನೆಟ್ಟಗಿತ್ತು. ಆಕೆ ಅದನ್ನು ನಿಶ್ಚಿಂತೆಯಿಂದ ಒಳಗೆ ಒಯ್ದು, ದೇವರ ಮುಂದಿಟ್ಟು, ಅರಿಷಿಣ ಹಚ್ಚಿ, ಆಮೇಲೆ ನನ್ನನ್ನು ಕರೆಸಿದಳು. ಒಳಗಿನ ಇಂಗ್ಲಿಷು ನನಗೆ ತಿಳಿಯುವಷ್ಟೇ ಇತ್ತು. ಹೆಸರು, ನಂಬರು, ಸಿಪಾಯಿ, ಇಟಲಿ ದೇಶದಲ್ಲಿ ಕಾದಾಡುತ್ತ ಮಡಿದಿದ್ದಾನೆ. ವಯಸ್ಸು ಇಪ್ಪತ್ತು. ಆ ಇಪ್ಪತ್ತರ ಮೇಲೆ ನನ್ನ ಕಣ್ಣು ನಿಂತುಬಿಟ್ಟಿತು. ನಾನು ಬಾಯಿ ತೆರೆಯುವ ಮೊದಲೇ ಆಕೆ ನನ್ನ ಮೋರೆ ಓದಿದಳು. ಅಷ್ಟು ಓದು ಅವಳಿಗೆ ಬರುತ್ತಿತ್ತು. ಅವತ್ತು ಅವಳು ಇಟ್ಟ ದನಿಯನ್ನು ಬರೆಯುವ ಶಕ್ತಿ ನನಗಿಲ್ಲ.

ಎರಡು ತಿಂಗಳ ಮೇಲೆ ಅಥಣಿ ಕಡೆಯ ಒಬ್ಬ ಸಿಪಾಯಿ, ಗಾಯಗೊಂಡು ಊರಿಗೆ ಬಂದವನು, ಕುಂಟುತ್ತ ತಿಕೋಟಾಕ್ಕೆ ಬಂದ. ಇವನ ಜೊತೆ ಒಂದೇ ಕುಣಿಯಲ್ಲಿ, ಅಂದರೆ ಗುಂಡಿಗೆ ಮರೆಯಾಗಿ ತೋಡಿಕೊಂಡ ತಗ್ಗಿನಲ್ಲಿ, ಇದ್ದವನಂತೆ. ಹೊರಗೆ ಹತ್ತು ಮೊಳ ದೂರದಲ್ಲಿ ಈ ಅಥಣಿಯವನು ಕಾಲಿಗೆ ಗುಂಡು ತಗುಲಿ ಬಿದ್ದಿದ್ದನಂತೆ. ತೆವಳಿಕೊಂಡು ಕುಣಿಯ ಅಂಚಿನ ಹತ್ತಿರ ಬಂದಾಗ ಒಳಗಿನವರ ಕೈ ಯಾರದೂ ಎಟುಕಲಿಲ್ಲ. "ಇವನ ಕೈ ಎಟುಕ್ತ್ರಿ. ನನ್ನ ಕಾಲರ್ ಹಿಡದ ಒಳಗ ಎಳದ. ಎಳಿಯುಮುಂದ ಅವನ ಎದಿ ಮ್ಯಾಲಾತು, ಅದಕ್ಕ ಗುಂಡ ಹತ್ತಿತು" ಅಂದ. ತಾಯಿ ಎಲ್ಲ ಕೇಳಿ, "ನಿಮ್ಮ ಕಾಲ ಈಗ ಹ್ಯಾಂಗೈತಪ್ಪಾ?" ಅಂದಳು. ಆಮೇಲೆ ಮಗನನ್ನು ಎಲ್ಲಿ ಇಟ್ಟಿದ್ದಾರೆ ಅಂತ ಕೇಳಿದಳು. ಅದು ಆ ಸಿಪಾಯಿಗೂ ಗೊತ್ತಿರಲಿಲ್ಲ. ಅವನನ್ನು ಆಗಲೇ ದವಾಖಾನೆಗೆ ಸಾಗಿಸಿದ್ದರು.

ದೀಪಾವಳಿ ಮುಗಿದಿತ್ತು. ಆಕೆ ಶಾಲೆಗೆ ಬಂದು ಬಾಗಿಲ ಹೊರಗೇ ನಿಂತಳು. "ಮಾಸ್ತರ್ರ, ಸತ್ತ ಜಾಗಾದಾಗ ಅವನ ಗುರ್ತ ಐತೋ ಇಲ್ಲೋ. ಹುಟ್ಟಿದ್ದಕ್ಕರ ಗುರ್ತ ಇರಲಿ. ಆ ಭಾವಿ ಕಲ್ಲಿನ ಅಕ್ಷರ ಅಳಿಸ್ಯಾವ ಅಂದಿದ್ರಿ. ಬಬಲೇಶ್ವರದಿಂದ ಮಗಳು ಕಲ್ಲ ಕಟಿಯಾಂವನ್ನ ಕಳಸ್ಯಾಳ. ನೀವು ಬಂದು ಅಂಕಿ ಬರದ ತೋರಸ್ರಿ, ಅವ ಮತ್ತ ಕೆತ್ತತಾನ" ಅಂದಳು.

ಶಾಲೆಯಿಂದ ಭಾವಿಗೆ ಹೋಗುವ ಆ ಸ್ವಲ್ಪ ದಾರಿಯಲ್ಲಿ ಹೇಳಿಬಿಡಬೇಕು ಅಂತ ಬಾಯಿ ತೆರೆದೆ. ಆಕೆ ಮುಂದೆ ಮುಂದೆ ನಡೆಯುತ್ತಿದ್ದಳು, ಹಿಮ್ಮಡಿ ಬಿರಿದ ಕಾಲು. ಬಾಯಿ ಮುಚ್ಚಿಕೊಂಡು ಹಿಂದೆ ಹಿಂದೆ ನಡೆದೆ. ಬೀಸುಕಲ್ಲಿಗೆ ಉಳಿಪೆಟ್ಟು ಹಾಕಿ ಬದುಕುವ ಮುದುಕ ಆಗಲೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಭಾವಿಯ ಗೋಡೆಗೆ ಇಳಿದಿದ್ದ. ನಾವು ದಂಡೆಗೆ ಬರುವುದಕ್ಕೂ ಒಳಗಿನಿಂದ ಅವನ ದನಿ ಬರುವುದಕ್ಕೂ ಸರಿಯಾಯಿತು.

"ಯವ್ವಾ, ಏನ ಅಳಿಸೇತಿಬೇ ಇದರಾಗ? ನನ್ನ ಉಗರ ಒಳಗ ಹೋಗತಾವ. ಇನ್ನ ನೂರ ವರ್ಷ ಏನೂ ಆಗೂದಿಲ್ಲ ಇದಕ್ಕ."

ಆಕೆ ಭಾವಿಯನ್ನು ನೋಡಿದಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ. "ಅವ ಕಾಲ ಹಿಡದಿದ್ದ" ಅನ್ನುವ ಮಾತು ನಾಲಗೆಯ ತುದಿಗೆ ಬಂತು. ಸತ್ತ ಹುಡುಗನ ಮೇಲೆ ಅದನ್ನೂ ಹಾಕುವುದೇ ಅನ್ನಿಸಿ ನುಂಗಿಕೊಂಡೆ. "ತಪ್ಪಾತು" ಅಂದೆ. ಅದು ಅವಳಿಗೆ ಕೇಳಿಸಿತೋ ಇಲ್ಲವೋ.

"ಓದ್ರಿ" ಅಂದಳು.

ಪಾವಟಿಗೆ ಇಳಿದು ನಿಂತು ಆ ಇಸವಿಯನ್ನು ಗಟ್ಟಿಯಾಗಿ ಓದಿದೆ. ಆಕೆ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳನ್ನು ಬೆರಳಿನ ಗೆಣ್ಣುಗಳ ಮೇಲೆ ಇಡುತ್ತ ಎಣಿಸತೊಡಗಿದಳು. ಭಾವಿ ತೋಡಿದ ವರ್ಷದ ಮಳೆಗಾಲ ಬಿಟ್ಟು ಮುಂದಿನದು ಒಂದು, ಅದರ ಮುಂದಿನದು ಎರಡು. ಒಂದು ಕೈಯ ಗೆಣ್ಣು ಮುಗಿದ ಮೇಲೆ ಇನ್ನೊಂದು ಕೈ ಹಿಡಿದಳು. ಈ ವರ್ಷದ ಮಳೆಗಾಲವನ್ನು ದಾಟಿ ಬಂದು, ನಿಂತು, ತಪ್ಪಿರಬಹುದೇ ಅಂತ ಮತ್ತೆ ಮೊದಲಿನಿಂದ ಎಣಿಸಿದಳು. ಮುದುಕ ಹಗ್ಗ ಹಿಡಿದು ಮೇಲೆ ಬಂದು ಸೊಂಟದ ಗಂಟು ಬಿಚ್ಚುತ್ತಿದ್ದ.

"ಈಗ ತುಂಬಿದುವ್ರಿ ಮಾಸ್ತರ್ರ" ಅಂದಳು. "ಈಗ ತುಂಬಿದುವು ನೋಡ್ರಿ ಅವಗ ಹದಿನೆಂಟ."